ಕೆಂಖ್ರೆಯ ಸೇವಕಳಿಗೆ ಕೊಟ್ಟ ಪತ್ರ

ಪ್ರಸಂಗದ ವಾಕ್ಯಭಾಗ: ರೋಮಾಪುರದವರಿಗೆ ೧೬ನೆಯ ಅಧ್ಯಾಯ, ೧ ಮತ್ತು ೨ನೆಯ ವಚನಗಳು



ಅಪೊಸ್ತಲನಾದ ಪೌಲನು ರೋಮಾಪುರದ ಸಭೆಗೆ ಬರೆದ ಪತ್ರಿಕೆಯು ಆಳವಾದ ಉಪದೇಶಗಳಿಂದ ತುಂಬಿರುವದೆಂದು ನೀವೆಲ್ಲರೂ ಬಲ್ಲಿರಿ. ಪಾಪ, ಕೃಪೆ, ನಂಬಿಕೆ, ನೀತಿ ಎಂಬ ದೊಡ್ಡ ಸಂಗತಿಗಳನ್ನು ಹದಿನೈದು ಅಧ್ಯಾಯಗಳಲ್ಲಿ ವಿವರಿಸಿದ ಮೇಲೆ ಆತನು ಕಡೆಯ ಅಧ್ಯಾಯದ ಮೊದಲಲ್ಲಿಯೇ ಒಬ್ಬ ಹೆಂಗಸಿನ ಹೆಸರನ್ನು ಎತ್ತುತ್ತಾನೆ. ಆಕೆಯ ಹೆಸರು ಫೊಯಿಬೆ. ಆಕೆ ಕೊರಿಂಥದ ರೇವುಪಟ್ಟಣವಾದ ಕೆಂಖ್ರೆಯ ಸಭೆಗೆ ಸೇವಕಳಾಗಿದ್ದಳು. ಸಮುದ್ರವನ್ನು ದಾಟಿ, ಗುರುತುಪರಿಚಯವಿಲ್ಲದ ಮಹಾನಗರಕ್ಕೆ ಆಕೆ ಹೋಗಬೇಕಾಗಿತ್ತು. ಅಪೊಸ್ತಲನು ಆಕೆಯನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಈಕೆ ಇಂಥವಳು ಎಂದು ಸಾಕ್ಷಿ ಹೇಳಿದನು. ಪರಿಶುದ್ಧರಿಗೆ ತಕ್ಕ ಹಾಗೆ ಈಕೆಯನ್ನು ಸೇರಿಸಿಕೊಳ್ಳಿರೆಂದು ಬೇಡಿಕೊಂಡನು. ಯಾವ ವಿಷಯದಲ್ಲಿ ಈಕೆಗೆ ಅವಶ್ಯವಿದೆಯೋ ಆ ವಿಷಯದಲ್ಲಿ ನೆರವಾಗಿರೆಂದು ಕೇಳಿದನು. ಯಾಕೆಂದರೆ ಆಕೆ ತಾನೇ ಅನೇಕರಿಗೆ ನೆರವಾಗಿದ್ದವಳು.

ಸಭೆಯ ಹೆಣ್ಣುಮಕ್ಕಳನ್ನು ದಾದಿಯರ ಶಿಕ್ಷಣಕ್ಕೆ ಕಳುಹಿಸುವ ವಿಷಯವನ್ನೂ, ಅದಕ್ಕೆ ಬೇಕಾದ ವಿದ್ಯಾರ್ಥಿವೇತನವನ್ನು ಹುಡುಕಿ ಬೇಡುವ ವಿಷಯವನ್ನೂ ಈ ವಾಕ್ಯದ ಬೆಳಕಿನಲ್ಲಿ ಯೋಚಿಸೋಣ. ಇದು ಲೋಕದ ಸಂಗತಿ, ಪ್ರಸಂಗಪೀಠಕ್ಕೆ ತಕ್ಕದ್ದಲ್ಲ ಎಂದು ಯಾರೂ ನೆನಸಬಾರದು. ದೇವರ ವಾಕ್ಯವು ಹಡಗು ಹತ್ತುವ ಒಬ್ಬ ಸ್ತ್ರೀಯ ಕೈಯಲ್ಲಿದ್ದ ಶಿಫಾರಸಿನ ಮಾತನ್ನು ಸಹ ನಮಗಾಗಿ ಕಾಪಾಡಿಟ್ಟಿದೆಯಲ್ಲವೇ?

ಮೈಸೂರು ನಗರದ ಕುವೆಂಪುನಗರವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ನಂಜನಗೂಡು, ತಿರುಮಕೂಡಲು ನರಸೀಪುರ, ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಹಳ್ಳಿಗಳಿಂದ ಮುಂಜಾನೆಯ ಬಸ್ಸಿನಲ್ಲಿ ಬಂದಿಳಿಯುವ ಹೆಂಗಸರು ನಗರದ ಇಂಥ ಬಡಾವಣೆಗಳಿಗೆ ಹೋಗಿ ಪಾತ್ರೆ ಬೆಳಗುತ್ತಾರೆ, ಮನೆ ಸಾರಿಸುತ್ತಾರೆ, ಹಾಸಿಗೆ ಹಿಡಿದ ವೃದ್ಧರನ್ನು ಎತ್ತಿ ಕೂಡಿಸಿ ಗಂಜಿ ಕುಡಿಸುತ್ತಾರೆ. ಕುವೆಂಪುನಗರದ ಬೀದಿಗಳಿಗೆ ಪಂಚಮಂತ್ರ ರಸ್ತೆ, ವಿಶ್ವಮಾನವ ಜೋಡಿರಸ್ತೆ, ಉದಯರವಿ ರಸ್ತೆ ಎಂಬ ಹೆಸರುಗಳಿವೆ. ಅಲ್ಲಿಯ ಆದಿಚುಂಚನಗಿರಿ ರಸ್ತೆಯಲ್ಲಿ ದೊಡ್ಡದೊಂದು ಆಸ್ಪತ್ರೆಯೂ ಇದೆ. ರೋಗಿಯ ಮೈ ಒರಸುವದರಲ್ಲಿ, ರಾತ್ರಿ ಎಚ್ಚರವಿದ್ದು ಕಾಯುವದರಲ್ಲಿ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಯಾರಿಗೂ ಕಡಿಮೆಯಲ್ಲ. ಆದರೆ ಶಿಕ್ಷಣವೂ ಸರ್ಟಿಫಿಕೇಟೂ ಇಲ್ಲದ ಕಾರಣ ಆಯಾ ಎಂಬ ಹೆಸರಿನಿಂದ ಅಲ್ಪ ಕೂಲಿಗೆ ದುಡಿಯುವವರು ಬಹಳ ಮಂದಿ. ಕೈಯಲ್ಲಿರುವ ವರವು ಒಂದೇ. ಅದಕ್ಕೆ ಕಲಿಕೆ ಕೂಡಿದರೆ ದಾದಿ, ಕೂಡದಿದ್ದರೆ ಕೂಲಿಯವಳು.

ಆ ಬಡಾವಣೆಗೆ ಯಾರ ಹೆಸರಿಟ್ಟಿದ್ದಾರೋ ಆ ಕವಿಯನ್ನು ನೆನಪಿಗೆ ತಂದುಕೊಳ್ಳಿರಿ. ೧೯೦೪ರಲ್ಲಿ ಹುಟ್ಟಿ ಮಲೆನಾಡಿನ ಕುಪ್ಪಳಿಯಲ್ಲಿ ಬೆಳೆದ ಆ ಹುಡುಗನು ಮೈಸೂರಿಗೆ ಬಂದು ವೆಸ್ಲಿಯನ್ ಮಿಷನಿನ ಹೈಸ್ಕೂಲಿನಲ್ಲಿ ಓದಿದನು. ಆತನು ನಮ್ಮ ಸಭೆಗೆ ಸೇರಿದವನಲ್ಲ. ಆದರೂ ನಮ್ಮ ಹಿರಿಯರು ಕಟ್ಟಿದ ಶಾಲೆಯ ಬಾಗಲು ಆತನಿಗೆ ತೆರೆದಿತ್ತು. ಹಳ್ಳಿಯ ಮಗುವಿಗೆ ಒಂದು ಬಾಗಲು ತೆರೆದರೆ ಅದರ ಫಲವು ಎಲ್ಲಿಗೆ ಮುಟ್ಟುವದೆಂದು ತೆರೆದವನಿಗೂ ತಿಳಿಯದು. ಹೀಗಿರಲಾಗಿ ಸಭೆಯ ಸ್ವಂತ ಮಕ್ಕಳಿಗೆ ಬಾಗಲು ತೆರೆಯುವದಕ್ಕೆ ನಾವು ಯಾಕೆ ತಡಮಾಡಬೇಕು?

ಮೊದಲನೆಯದಾಗಿ, ಈ ಸೇವೆಯ ಗೌರವವನ್ನು ತಿಳಿದುಕೊಳ್ಳೋಣ.

ಕೆಲವು ಮನೆಗಳಲ್ಲಿ ಈ ಮಾತು ಬಂದ ಕೂಡಲೇ ತಾಯಿಯು, ಯಾರದೋ ಮೈ ತೊಳೆಯುವ ಕೆಲಸಕ್ಕೆ ಮಗಳನ್ನು ಕಳುಹಿಸಬೇಕೇ, ರಾತ್ರಿಪಾಳಿ ಮಾಡಿದವಳನ್ನು ಯಾರು ಮದುವೆಯಾದಾರು ಎಂದು ಕಣ್ಣೀರಿಡುತ್ತಾಳೆ. ತಲತಲಾಂತರದಿಂದ ಹೊಲಸನ್ನು ಮುಟ್ಟುವ ಕೆಲಸವನ್ನು ನಮ್ಮ ಜನರ ತಲೆಯ ಮೇಲೆ ಬಲವಂತವಾಗಿ ಹೊರಿಸಿದ್ದರಿಂದ, ಆ ಗಾಯವು ಇನ್ನೂ ಮಾಯದೆ ಈ ಭಯವು ಹುಟ್ಟುತ್ತದೆ. ಅದನ್ನು ಹಗುರವಾಗಿ ಎಣಿಸಬಾರದು. ಆದರೆ ಬಲವಂತದ ಊಳಿಗವು ಬೇರೆ, ಕಲಿತು ಮನಃಪೂರ್ವಕವಾಗಿ ಮಾಡುವ ಸೇವೆಯು ಬೇರೆ. ನಮ್ಮ ಕರ್ತನು ಹಿಡಿಯಲ್ಪಡುವದಕ್ಕಿದ್ದ ರಾತ್ರಿಯಲ್ಲಿ ನಡುವಿಗೆ ಕೈಪಾವಡವನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದನು. ಯಾರೂ ಆತನನ್ನು ಬಲವಂತ ಮಾಡಲಿಲ್ಲ. ತಾನು ಯಾರೆಂಬದನ್ನು ಬಲ್ಲವನಾಗಿ ಅದನ್ನು ಮಾಡಿದನು. ವಿಮೋಚನಕಾಂಡದ ಮೊದಲನೆಯ ಅಧ್ಯಾಯವನ್ನು ಓದಿ ನೋಡಿರಿ. ಅಲ್ಲಿ ಐಗುಪ್ತದ ಮಹಾ ಅರಸನ ಹೆಸರನ್ನು ಪವಿತ್ರಾತ್ಮನು ಬರೆಸಲಿಲ್ಲ. ಫರೋಹ ಎಂಬ ಪದವಿಯ ಹೆಸರು ಮಾತ್ರ ಇದೆ. ಆದರೆ ಕೂಸುಗಳನ್ನು ಉಳಿಸಿದ ಶಿಫ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರ ಹೆಸರುಗಳನ್ನು ಬರೆಸಿದ್ದಾನೆ.

ಮೈಸೂರಿನ ಮಂಡಿಮೊಹಲ್ಲೆಯಲ್ಲಿ ಮಿಷನ್ ಆಸ್ಪತ್ರೆ ಎಂದು ಜನರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ೧೯೦೬ರಲ್ಲಿ ಆರಂಭವಾಯಿತು. ವೆಸ್ಲಿಯನ್ ಮಿಷನಿನವರು ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬಾಕೆಯ ಜ್ಞಾಪಕಾರ್ಥವಾಗಿ ಸ್ತ್ರೀಯರಿಗೋಸ್ಕರವೂ ಮಕ್ಕಳಿಗೋಸ್ಕರವೂ ಅದನ್ನು ಕಟ್ಟಿದರು. ವೆಲ್ಲೂರಿನ ವೈದ್ಯಳಾದ ಐಡಾ ಸ್ಕಡರಳ ಸಂಗತಿಯನ್ನು ನೀವು ಕೇಳಿದ್ದೀರಿ. ಯೌವನದಲ್ಲಿ ಒಂದೇ ರಾತ್ರಿ ಮೂವರು ಗಂಡಸರು ಆಕೆಯ ಬಾಗಲಿಗೆ ಬಂದು, ಹೆರಿಗೆಯ ವೇದನೆಯಲ್ಲಿದ್ದ ತಮ್ಮ ಹೆಂಡತಿಯರಿಗೆ ಸಹಾಯ ಮಾಡೆಂದು ಬೇಡಿದರು. ಗಂಡಸಾದ ವೈದ್ಯನನ್ನು ಒಳಗೆ ಬಿಡಲು ಅವರು ಒಪ್ಪಲಿಲ್ಲ. ಆಕೆಗೆ ವೈದ್ಯವು ತಿಳಿದಿರಲಿಲ್ಲ. ಬೆಳಗಾಗುವಾಗ ಆ ಮೂವರು ಸ್ತ್ರೀಯರೂ ಸತ್ತುಹೋಗಿದ್ದರು. ಆ ಮರಣಗಳಿಂದಲೇ ಆಕೆಗೆ ದೇವರ ಕರೆ ಬಂತು. ೧೯೦೯ರಲ್ಲಿ ಆಕೆ ವೆಲ್ಲೂರಿನಲ್ಲಿ ದಾದಿಯರ ಶಾಲೆಯನ್ನು ಸ್ಥಾಪಿಸಿದಳು. ೧೯೪೬ರಲ್ಲಿ ಅದು ಪದವಿಯ ಶಿಕ್ಷಣಕ್ಕೆ ಏರಿತು. ಕಲಿತ ಒಬ್ಬ ಹೆಂಗಸಿಲ್ಲದ ಕಾರಣ ಪ್ರಾಣಗಳು ಹೋಗುತ್ತವೆ ಎಂಬದನ್ನು ಇದರಿಂದ ತಿಳಿದುಕೊಳ್ಳಿರಿ. ಮಗಳನ್ನು ಕಳುಹಿಸದೆ ಇರುವ ತಂದೆಯು ತನ್ನ ಮನೆಯ ಸಂಗತಿಯನ್ನು ಮಾತ್ರ ತೀರ್ಮಾನಿಸುತ್ತಿಲ್ಲ.

ಎರಡನೆಯದಾಗಿ, ಕೂತುಕೊಂಡು ಲೆಕ್ಕಹಾಕೋಣ.

ಬುರುಜು ಕಟ್ಟಬೇಕೆಂದಿರುವವನು ಮೊದಲು ಕೂತು ಖರ್ಚನ್ನು ಲೆಕ್ಕಿಸುವನೆಂದು ಕರ್ತನು ಲೂಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಕಲಿಸಿದ್ದಾನೆ. ಲೆಕ್ಕಿಸದೆ ಅಸ್ತಿವಾರ ಹಾಕಿ ಅರ್ಧಕ್ಕೆ ಬಿಟ್ಟವನು ನೋಡುವವರ ನಗೆಗೆ ಗುರಿಯಾಗುತ್ತಾನೆ. ದಾದಿಯರ ಶಿಕ್ಷಣದಲ್ಲಿ ಮುಖ್ಯವಾಗಿ ಮೂರು ಮೆಟ್ಟಲುಗಳಿವೆ. ಎ.ಎನ್.ಎಂ. ಎಂಬದು ಎರಡು ವರುಷದ್ದು. ಊರೂರಿನ ಉಪಕೇಂದ್ರಗಳಲ್ಲಿ ತಾಯಂದಿರನ್ನೂ ಕೂಸುಗಳನ್ನೂ ನೋಡಿಕೊಳ್ಳುವ ಕೆಲಸಕ್ಕೆ ಅದು ಸಿದ್ಧಮಾಡುತ್ತದೆ. ಜಿ.ಎನ್.ಎಂ. ಎಂಬದು ಮೂರು ವರುಷದ ಡಿಪ್ಲೊಮಾ. ಬಿ.ಎಸ್ಸಿ. ನರ್ಸಿಂಗ್ ಎಂಬದು ನಾಲ್ಕು ವರುಷದ ಪದವಿ. ಪದವಿಗೆ ಸೇರುವವಳು ಎರಡನೆಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನೂ ಇಂಗ್ಲಿಷನ್ನೂ ಓದಿರಬೇಕು. ಆದಕಾರಣ ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿಯೇ, ಹುಡುಗಿಗೆ ಈ ಕರೆ ಇದೆಯೋ ಎಂದು ತಂದೆತಾಯಿಗಳು ಪ್ರಾರ್ಥಿಸಿ ವಿಚಾರಿಸತಕ್ಕದ್ದು. ಆಗ ವಿಜ್ಞಾನದ ವಿಷಯವನ್ನು ಬಿಟ್ಟವಳಿಗೆ ಎರಡು ವರುಷಗಳ ಮೇಲೆ ಪದವಿಯ ಬಾಗಲು ಮುಚ್ಚಿರುತ್ತದೆ; ಆದರೂ ಇಂಗ್ಲಿಷಿನೊಂದಿಗೆ ಬೇರೆ ವಿಷಯಗಳನ್ನು ಓದಿದವಳಿಗೆ ಜಿ.ಎನ್.ಎಂ. ದಾರಿಯುಂಟು. ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗಿನ ಸರಕಾರಿ ಪಾಲಿನ ಸ್ಥಾನಗಳನ್ನು ಪರೀಕ್ಷಾ ಪ್ರಾಧಿಕಾರದವರು ಸಿ.ಇ.ಟಿ. ಮೂಲಕ ಹಂಚುತ್ತಾರೆ. ಹೀಗೆ ದೊರೆತ ಸ್ಥಾನದ ಫೀಜು, ದಲ್ಲಾಳಿಯ ಮೂಲಕ ಕೊಂಡ ಸ್ಥಾನದ ಫೀಜಿಗಿಂತ ಬಹಳ ಕಡಿಮೆ.

ದಲ್ಲಾಳಿ ಎಂಬ ಮಾತನ್ನು ಎತ್ತಿದೆವು. ಅದನ್ನು ಬಿಚ್ಚಿ ಹೇಳಬೇಕು. ಫಲಿತಾಂಶ ಬಂದ ವಾರದಲ್ಲಿಯೇ ಹಳ್ಳಿಯ ಮನೆಗೆ ಒಬ್ಬನು ಬರುತ್ತಾನೆ ಎಂದು ನೆನಸಿರಿ. ಬಣ್ಣದ ಕಾಗದವನ್ನು ತೋರಿಸಿ, ಸೀಟು ನನ್ನ ಕೈಯಲ್ಲಿದೆ, ಸ್ಕಾಲರ್‌ಶಿಪ್ ತಾನಾಗಿಯೇ ಬರುತ್ತದೆ, ಈಗ ಮುಂಗಡ ಕೊಟ್ಟು ಮೂಲ ಅಂಕಪಟ್ಟಿಯನ್ನು ಒಪ್ಪಿಸಿರಿ ಎಂದು ಹೇಳುತ್ತಾನೆ. ತಂದೆಯು ಇದ್ದ ಒಂದು ಎಕರೆಯನ್ನು ಒತ್ತೆಯಿಟ್ಟು ಹಣ ತರುತ್ತಾನೆ. ಶಾಲೆಗೆ ಮಾನ್ಯತೆಯಿಲ್ಲವೆಂದು ಮುಂದೆ ತಿಳಿದರೆ ಹೊಲವೂ ಹೋಯಿತು, ವರುಷವೂ ಹೋಯಿತು. ಅಂಕಪಟ್ಟಿ ಅವರ ಪೆಟ್ಟಿಗೆಯಲ್ಲಿರುವದರಿಂದ ಹುಡುಗಿ ಬೇರೆಲ್ಲಿಗೂ ಹೋಗಲಾರಳು. ಆದದರಿಂದ ಹಣ ಕೊಡುವದಕ್ಕೆ ಮುಂಚೆ ಮೂರು ಪ್ರಶ್ನೆಗಳನ್ನು ಕೇಳಿರಿ. ಈ ಶಾಲೆಗೆ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನ್ಯತೆಯೂ ರಾಜ್ಯದ ಶುಶ್ರೂಷಾ ಪರಿಷತ್ತಿನ ಮಾನ್ಯತೆಯೂ ಉಂಟೋ? ಪದವಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೋ ಕಾನೂನುಪ್ರಕಾರ ನಡೆಯುವ ಬೇರೆ ವಿಶ್ವವಿದ್ಯಾಲಯಕ್ಕೋ ಸೇರಿದೆಯೋ? ವಿದ್ಯಾರ್ಥಿಗಳು ರೋಗಿಗಳ ಬಳಿಯಲ್ಲಿ ಕಲಿಯುವದಕ್ಕೆ ಆಸ್ಪತ್ರೆ ಎಲ್ಲಿದೆ? ಇವುಗಳಿಗೆ ನೇರವಾದ ಉತ್ತರ ಕೊಡದವನ ಮಾತಿಗೆ ಕಿವಿಗೊಡಬೇಡಿರಿ. ಮೂಲ ಕಾಗದಗಳನ್ನು ದಲ್ಲಾಳಿಯ ಕೈಗೆ ಎಂದೂ ಕೊಡಬೇಡಿರಿ.

ಮೂರನೆಯದಾಗಿ, ದೀಪಕ್ಕೆ ಎಣ್ಣೆಯನ್ನು ಮೊದಲೇ ತುಂಬಿಸಿಟ್ಟುಕೊಳ್ಳೋಣ.

ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ನೀವು ಬಲ್ಲಿರಿ. ಬುದ್ಧಿಯಿಲ್ಲದ ಐದು ಮಂದಿಗೆ ಮದಲಿಂಗನ ಮೇಲೆ ಪ್ರೀತಿಯಿರಲಿಲ್ಲವೆಂದು ಕರ್ತನು ಹೇಳಲಿಲ್ಲ; ಅವರು ಹೊತ್ತಿಗೆ ಸರಿಯಾಗಿ ಸಿದ್ಧರಿರಲಿಲ್ಲವೆಂದು ಮಾತ್ರ ಹೇಳಿದನು. ಆ ಸಾಮ್ಯದ ಅರ್ಥವು ಕರ್ತನ ಬರೋಣಕ್ಕೆ ಸೇರಿದ್ದು. ಆದರೂ ಸಿದ್ಧತೆಯ ಪಾಠವು ಈ ಸಂಗತಿಗೂ ಹೊಂದುತ್ತದೆ. ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನವೊಂದು ಇರುತ್ತದೆ; ಆ ದಿನ ಕಳೆದ ಮೇಲೆ ಎಷ್ಟು ತಟ್ಟಿದರೂ ಬಾಗಲು ತೆರೆಯುವದಿಲ್ಲ.

ನಮ್ಮ ರಾಜ್ಯದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಎಂಬ ಒಂದೇ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಎಂಬ ಇಲಾಖೆಗಳು ಅದರ ಮೂಲಕವೇ ಹಣ ಕೊಡುತ್ತವೆ. ಕ್ರೈಸ್ತರು ಅಲ್ಪಸಂಖ್ಯಾತರೆಂದು ಎಣಿಸಲ್ಪಟ್ಟಿರುವದರಿಂದ ಅಲ್ಪಸಂಖ್ಯಾತರ ಇಲಾಖೆಯ ಸಹಾಯಕ್ಕೆ ನಮ್ಮ ಮಕ್ಕಳು ಹಕ್ಕುಳ್ಳವರು. ವರಮಾನದ ಮಿತಿಯೂ ಅಂಕಗಳ ನಿಯಮವೂ ಯೋಜನೆಯಿಂದ ಯೋಜನೆಗೆ, ವರುಷದಿಂದ ವರುಷಕ್ಕೆ ಬದಲಾಗುತ್ತವೆ; ಆದಕಾರಣ ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಗೆ ಹೋಗಿ, ಈ ವರುಷದ ನಿಯಮಗಳೇನು, ನರ್ಸಿಂಗ್ ಓದುವವರಿಗೆ ಬೇರೆ ಸಹಾಯವೇನಾದರೂ ಉಂಟೋ ಎಂದು ಬಾಯಿಬಿಟ್ಟು ಕೇಳಿರಿ. ಕಟ್ಟಡದ ಕೆಲಸದವರು ಕಾರ್ಮಿಕರ ಕಲ್ಯಾಣ ಮಂಡಲಿಯಲ್ಲಿ ಹೆಸರು ಬರೆಸಿದ್ದರೆ ಅವರ ಮಕ್ಕಳ ವಿದ್ಯೆಗೆ ಅಲ್ಲಿಯೂ ಸಹಾಯವುಂಟು. ಗಾರೆಕೆಲಸಕ್ಕೆ ಹೋಗುವ ನಮ್ಮ ಸಹೋದರರು ಕಾರ್ಡನ್ನು ನವೀಕರಿಸದೆ ಬಿಟ್ಟು ಇದನ್ನು ಕಳೆದುಕೊಳ್ಳಬಾರದು. ರೈತರ ಮಕ್ಕಳಿಗೋಸ್ಕರ ರಾಜ್ಯ ಸರಕಾರವು ೨೦೨೧ರಲ್ಲಿ ಆರಂಭಿಸಿದ ವಿದ್ಯಾನಿಧಿ ಯೋಜನೆಯಲ್ಲಿ ನರ್ಸಿಂಗ್ ಮುಂತಾದ ವೃತ್ತಿಶಿಕ್ಷಣಕ್ಕೆ ಹುಡುಗರಿಗೆ ವರುಷಕ್ಕೆ ೭,೫೦೦ ರೂಪಾಯಿಯೂ ಹುಡುಗಿಯರಿಗೆ ೮,೦೦೦ ರೂಪಾಯಿಯೂ ಗೊತ್ತುಮಾಡಲ್ಪಟ್ಟಿತ್ತು. ಈಗಿನ ವರುಷದ ಸ್ಥಿತಿಯನ್ನು ವಿಚಾರಿಸಿಕೊಳ್ಳಿರಿ.

ಇವಕ್ಕೆ ಬೇಕಾದ ಎಣ್ಣೆ ಯಾವದು? ಆಧಾರ್ ಚೀಟಿ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ವರಮಾನದ ಪ್ರಮಾಣಪತ್ರ, ಹತ್ತನೆಯ ತರಗತಿಯ ಮತ್ತು ಪಿ.ಯು.ಸಿ.ಯ ಅಂಕಪಟ್ಟಿಗಳು, ಕಾಲೇಜಿನ ಫೀಜಿನ ರಸೀದಿ, ಹುಡುಗಿಯ ಸ್ವಂತ ಹೆಸರಿನಲ್ಲಿದ್ದು ಆಧಾರಿಗೆ ಜೋಡಿಸಲ್ಪಟ್ಟ ಬ್ಯಾಂಕ್ ಖಾತೆ. ಇವುಗಳಲ್ಲಿ ನಮ್ಮ ಸಭೆಗಳವರು ಎಡವುವ ಕಲ್ಲೊಂದುಂಟು. ಶಾಲೆಯಲ್ಲಿ ಮಹದೇವಮ್ಮ, ಸಭೆಯ ದಾಖಲೆಯಲ್ಲಿ ಗ್ರೇಸಮ್ಮ, ಆಧಾರಿನಲ್ಲಿ ಮಾದೇವಿ ಎಂದಿದ್ದರೆ ಯಂತ್ರವು ಅವಳನ್ನು ಮೂವರೆಂದು ಎಣಿಸುತ್ತದೆ. ತಂದೆಯ ಹೆಸರೂ ಇನಿಷಿಯಲ್ಲೂ ಸಹ ಒಂದೇ ರೀತಿಯಾಗಿರಬೇಕು. ಹುಡುಗಿ ಒಂಬತ್ತನೆಯ ತರಗತಿಯಲ್ಲಿರುವಾಗಲೇ ಕಾಗದಗಳನ್ನೆಲ್ಲಾ ಚಾಪೆಯ ಮೇಲೆ ಹರವಿ ಹೆಸರುಗಳನ್ನು ಒಂದೊಂದಾಗಿ ಹೋಲಿಸಿ ನೋಡಿರಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುವದು ಕಷ್ಟ; ಅಚ್ಚಾಗುವದಕ್ಕೆ ಮುಂಚೆ ಮುಖ್ಯೋಪಾಧ್ಯಾಯರಿಗೆ ಹೇಳುವದು ಸುಲಭ. ತಾನು ತನ್ನ ಕುರಿಗಳನ್ನು ಹೆಸರೆತ್ತಿ ಕರೆಯುವೆನೆಂದು ಒಳ್ಳೇ ಕುರುಬನು ಹೇಳಿದ್ದಾನೆ. ಆತನಿಗೆ ಮೂರು ಹೆಸರುಗಳಲ್ಲಿಯೂ ಅವಳು ಒಬ್ಬಳೇ. ಕಚೇರಿಗೆ ಮಾತ್ರ ಒಂದೇ ಹೆಸರು ಬೇಕು.

ನಾಲ್ಕನೆಯದಾಗಿ, ಸತ್ಯವನ್ನೇ ಬರೆಯೋಣ. ಪ್ರಿಯರೇ, ಇಲ್ಲಿ ನಮ್ಮ ಹೃದಯಗಳು ನೋಯುವ ಸ್ಥಳಕ್ಕೆ ಬಂದಿದ್ದೇವೆ.

೧೯೫೦ರ ಪರಿಶಿಷ್ಟ ಜಾತಿಗಳ ಆಜ್ಞೆಯ ಮೂರನೆಯ ಪರಿಚ್ಛೇದದ ಪ್ರಕಾರ ಹಿಂದೂಗಳಲ್ಲದವರು ಪರಿಶಿಷ್ಟ ಜಾತಿಯವರೆಂದು ಎಣಿಸಲ್ಪಡುವದಿಲ್ಲ, ೧೯೫೬ರಲ್ಲಿ ಸಿಖ್ಖರೂ ೧೯೯೦ರಲ್ಲಿ ಬೌದ್ಧರೂ ಸೇರಿಸಲ್ಪಟ್ಟರು, ಕ್ರೈಸ್ತರು ಸೇರಿಸಲ್ಪಡಲಿಲ್ಲ. ಊರಿನ ಬಾವಿಯ ಬಳಿಯಲ್ಲಿ ನಮ್ಮನ್ನು ದೂರ ನಿಲ್ಲಿಸುವವರು ನಮ್ಮ ದೀಕ್ಷಾಸ್ನಾನವನ್ನು ವಿಚಾರಿಸುವದಿಲ್ಲ. ಆದರೆ ಸಹಾಯದ ಕಿಟಕಿಯ ಬಳಿಯಲ್ಲಿ ಅದನ್ನು ವಿಚಾರಿಸುತ್ತಾರೆ. ಆದಕಾರಣ ಎಷ್ಟೋ ಮನೆಗಳಲ್ಲಿ ಒಂದು ಶೋಧನೆಯುಂಟು. ಭಾನುವಾರ ದೇವಾಲಯದಲ್ಲಿ ರೊಟ್ಟಿ ಮುರಿದು, ಸೋಮವಾರ ನಾಡಕಚೇರಿಯಲ್ಲಿ ನಾವು ಕ್ರೈಸ್ತರಲ್ಲವೆಂದು ಬರೆಯಿಸುವ ಶೋಧನೆ ಅದು. ಮಗಳ ಓದಿಗೋಸ್ಕರ ಇಷ್ಟು ಮಾಡಿದರೆ ತಪ್ಪೇನು ಎಂದು ತಂದೆಯು ತನ್ನ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಾನೆ.

ಆ ತಂದೆಯ ಮೇಲೆ ಕಲ್ಲೆಸೆಯುವದಕ್ಕೆ ಯಾರೂ ಕೈಯೆತ್ತಬೇಡಿರಿ. ಹಸಿದವನ ಹಸಿವೆಯನ್ನು ಹೊಟ್ಟೆ ತುಂಬಿದವನು ತೀರ್ಪುಮಾಡಬಾರದು. ಆದರೂ ದೇವರ ವಾಕ್ಯವು ನಮ್ಮನ್ನು ಸುಮ್ಮನೆ ಬಿಡುವದಿಲ್ಲ. ಅನನೀಯನೂ ಸಪ್ಫೈರಳೂ ಭೂಮಿ ಮಾರಿದ ಕ್ರಯದ ವಿಷಯದಲ್ಲಿ ಸುಳ್ಳಾಡಿದರು. ಹಣವನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯ ಅವರಿಗಿತ್ತು, ಸುಳ್ಳಾಡುವ ಸ್ವಾತಂತ್ರ್ಯವಿರಲಿಲ್ಲ. ಪೇತ್ರನು ಬೆಂಕಿ ಕಾಯಿಸಿಕೊಳ್ಳುತ್ತಾ ಆತನನ್ನು ಅರಿಯೆನು ಎಂದದ್ದು ಸಹ ಭಯದಿಂದಲೇ. ಆದರೆ ಕೋಳಿ ಕೂಗಿದಾಗ ಬಹಳವಾಗಿ ಅತ್ತನು. ಲೋಕದ ನ್ಯಾಯದ ಪ್ರಕಾರವಾದರೂ ಈ ದಾರಿ ಭದ್ರವಲ್ಲ. ೨೦೨೪ನೆಯ ಇಸವಿಯ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕ್ರೈಸ್ತ ನಂಬಿಕೆಯಲ್ಲಿ ನಡೆಯುತ್ತಾ ಮೀಸಲಾತಿಯ ಲಾಭಕ್ಕೋಸ್ಕರ ಮಾತ್ರ ಹಿಂದುವೆಂದು ಹೇಳಿಕೊಳ್ಳುವದನ್ನು ಒಪ್ಪಲಾಗದೆಂದು ತೀರ್ಪು ಕೊಟ್ಟಿತು. ಮಗಳು ಓದಿ ಕೆಲಸಕ್ಕೆ ಸೇರಿದ ಮೇಲೆ ಇಂಥ ಕಾಗದವು ರದ್ದಾದರೆ, ಸುಳ್ಳಿನ ಅಸ್ತಿವಾರದ ಮೇಲೆ ಕಟ್ಟಿದ ಮನೆಯು ಅವಳ ತಲೆಯ ಮೇಲೆಯೇ ಬೀಳುವದು.

ಹಾಗಾದರೆ ಸತ್ಯವನ್ನು ಬರೆದವನಿಗೆ ದಾರಿಯಿಲ್ಲವೋ? ಉಂಟು, ಇದನ್ನು ಅನೇಕರು ಕೇಳಿಯೇ ಇಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ ಒಂದರಲ್ಲಿ, ಪರಿಶಿಷ್ಟ ಜಾತಿಯಿಂದ ಕ್ರೈಸ್ತಧರ್ಮಕ್ಕೆ ಬಂದವರಿಗೆ ಸ್ಥಳವಿದೆ. ಬೇರೆ ಕ್ರೈಸ್ತರಿಗೆ ಪ್ರವರ್ಗ ಮೂರು-ಬಿ.ಯಲ್ಲಿ ಸ್ಥಳವಿದೆ. ಪರಿಶಿಷ್ಟ ಪಂಗಡದವರಿಗಾದರೋ, ಅಂದರೆ ಜೇನುಕುರುಬ, ಸೋಲಿಗ ಮುಂತಾದವರಿಗೆ, ಆ ೧೯೫೦ರ ಮತದ ನಿಬಂಧನೆಯು ಅನ್ವಯಿಸುವದಿಲ್ಲ. ಇವುಗಳೊಂದಿಗೆ ಅಲ್ಪಸಂಖ್ಯಾತರ ಸಹಾಯವೂ ಇದೆ. ನಮ್ಮ ಹೆಸರನ್ನು ಮರೆಮಾಡದೆ ನಿಲ್ಲಬಹುದಾದ ಕಿಟಕಿಗಳು ಇರುವಾಗ, ಹೆಸರನ್ನು ಅಲ್ಲಗಳೆದು ನಿಲ್ಲಬೇಕಾದ ಕಿಟಕಿಗೆ ಯಾಕೆ ಹೋಗಬೇಕು?

ಅನ್ಯಾಯವನ್ನು ಬಾಯಿಮುಚ್ಚಿ ಸಹಿಸಿರೆಂದು ಸಹ ನಾವು ಹೇಳುವದಿಲ್ಲ. ಚಲ್ಪಹಾದನ ಐದು ಮಂದಿ ಕುಮಾರ್ತೆಯರು ಮೋಶೆಯ ಮುಂದೆ ನಿಂತು ತಮ್ಮ ಪಾಲನ್ನು ಕೇಳಿದರು. ಅವರು ಕೇಳಿದ್ದು ನ್ಯಾಯವೆಂದು ಕರ್ತನೇ ಹೇಳಿದನು. ಪೌಲನು ಕೈಸರನಿಗೆ ಮೊರೆಯಿಟ್ಟನು. ಆ ೧೯೫೦ರ ನಿಬಂಧನೆಯನ್ನು ತಿದ್ದಬೇಕೆಂದು ಕ್ರೈಸ್ತರು ಬಹು ವರುಷಗಳಿಂದ ಬೇಡುತ್ತಿದ್ದಾರೆ. ಕೇಂದ್ರ ಸರಕಾರವು ೨೦೨೨ರಲ್ಲಿ ಇದನ್ನು ವಿಚಾರಿಸುವದಕ್ಕೆ ಒಂದು ಆಯೋಗವನ್ನು ನೇಮಿಸಿತು. ಹೆಸರನ್ನು ಮುಚ್ಚಿಟ್ಟವನು ನ್ಯಾಯವನ್ನು ಕೇಳಲಾರನು. ಹೆಸರನ್ನು ಹೇಳಿದವನೇ ಕೇಳಬಲ್ಲನು. ನಾವು ಕ್ರೈಸ್ತರೆಂದು ನಿಜವಾಗಿ ಬರೆಯಿಸಿದ ಪ್ರತಿಯೊಂದು ಕಾಗದವೂ ಆ ಬೇಡಿಕೆಗೆ ಒಂದು ಸಾಕ್ಷಿಯಾಗಿದೆ.

ಐದನೆಯದಾಗಿ, ಸಭೆಯು ಮಾಡತಕ್ಕದ್ದನ್ನು ಮಾಡಲಿ.

ಫೊಯಿಬೆಗೆ ಅವಶ್ಯವಾದದ್ದರಲ್ಲಿ ನೆರವಾಗಿರೆಂದು ಪೌಲನು ಒಬ್ಬ ಐಶ್ವರ್ಯವಂತನಿಗೆ ಬರೆಯಲಿಲ್ಲ. ಇಡೀ ಸಭೆಗೆ ಬರೆದನು. ಸರಕಾರದ ವಿದ್ಯಾರ್ಥಿವೇತನವು ಬಹಳ ಸಾರಿ ವರುಷದ ಕಡೆಯಲ್ಲಿ ಖಾತೆಗೆ ಬರುತ್ತದೆ. ಫೀಜನ್ನೂ ಹಾಸ್ಟೆಲಿನ ಹಣವನ್ನೂ ವರುಷದ ಮೊದಲಲ್ಲಿಯೇ ಕಟ್ಟಬೇಕು. ಈ ನಡುವಣ ತಿಂಗಳುಗಳಲ್ಲಿಯೇ ಬಡವರ ಮಕ್ಕಳು ಬಿದ್ದುಹೋಗುತ್ತಾರೆ, ತಂದೆಗಳು ಬಡ್ಡಿಯವನ ಬಾಗಲಿಗೆ ಹೋಗುತ್ತಾರೆ. ತನ್ನ ಜನರಲ್ಲಿ ಬಡವನಿಗೆ ಸಾಲ ಕೊಟ್ಟರೆ ಬಡ್ಡಿ ಕೇಳಬಾರದೆಂದು ಕರ್ತನು ಮೋಶೆಯ ಮೂಲಕ ಆಜ್ಞಾಪಿಸಿದ್ದಾನೆ. ಸುಗ್ಗಿಯ ಸ್ತೋತ್ರಾರಾಧನೆಯಲ್ಲಿ ನೀವು ತರುವ ಬಾಳೆಗೊನೆ, ಕುಂಬಳಕಾಯಿ, ಕೋಳಿ, ಭತ್ತಗಳ ಹರಾಜಿನಿಂದ ಬಂದ ಹಣದಲ್ಲಿ ಒಂದು ಪಾಲನ್ನು ಪ್ರತ್ಯೇಕವಾಗಿಟ್ಟು, ಓದುವ ಹುಡುಗಿಗೆ ಬಡ್ಡಿಯಿಲ್ಲದೆ ಕೊಟ್ಟು, ವಿದ್ಯಾರ್ಥಿವೇತನ ಬಂದಾಗ ತಿರಿಗಿ ಪಡೆದುಕೊಂಡು, ಮರುವರುಷ ಮತ್ತೊಬ್ಬಳಿಗೆ ಕೊಡಬಾರದೇ? ಲೆಕ್ಕವನ್ನು ಪುಸ್ತಕದಲ್ಲಿ ಬರೆದು ಸಭೆಯ ಮುಂದೆ ಓದಿರಿ. ಇಬ್ಬರು ಹಿರಿಯರೂ ಸ್ತ್ರೀಸಮಾಜದ ಒಬ್ಬಳೂ ಸೇರಿ ಇದನ್ನು ನೋಡಿಕೊಳ್ಳಲಿ.

ಇದಲ್ಲದೆ ಹಣಬೇಡದ ನೆರವುಗಳೂ ಉಂಟು. ಅಕ್ಷರ ಬಲ್ಲ ಯೌವನಸ್ಥನೊಬ್ಬನು ಹುಡುಗಿಯೊಂದಿಗೂ ಅವಳ ತಾಯಿಯೊಂದಿಗೂ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ, ಅರ್ಜಿಯ ಪ್ರತಿಯೊಂದು ಸಾಲನ್ನು ಓದಿ, ಕಳುಹಿಸಿದ ಮೇಲೆ ಅದರ ಅಂಕೆಯನ್ನು ಬರೆದಿಟ್ಟುಕೊಳ್ಳಲಿ. ತಿಂಗಳಿಗೊಮ್ಮೆ ಅರ್ಜಿ ಎಲ್ಲಿದೆ ಎಂದು ನೋಡಲಿ. ಕಾಲೇಜಿನವರು ತಾವು ದೃಢಪಡಿಸಬೇಕಾದದ್ದನ್ನು ಮರೆತಿದ್ದರೆ ಅದು ಅಲ್ಲಿಯೇ ನಿಂತಿರುತ್ತದೆ. ನ್ಯಾಯಾಧಿಪತಿಯ ಬಳಿಗೆ ಬಿಡದೆ ಹೋಗುತ್ತಿದ್ದ ವಿಧವೆಯಂತೆ ಬೇಸರವಿಲ್ಲದೆ ವಿಚಾರಿಸಲಿ. ಸಭಾಪಾಲಕರು ಹುಡುಗಿಯ ನಡತೆಯ ವಿಷಯವಾಗಿ ನಿಜವಾದ ಸಾಕ್ಷಿಪತ್ರವನ್ನು ಬರೆದುಕೊಡಲಿ. ವೆಲ್ಲೂರಿನ ಕ್ರಿಸ್ತೀಯ ವೈದ್ಯಕೀಯ ಕಾಲೇಜಿನಲ್ಲಿ ಸಭೆಗಳು ಆರಿಸಿ ಶಿಫಾರಸು ಮಾಡುವ ವಿದ್ಯಾರ್ಥಿಗಳಿಗೆ ಸ್ಥಾನಗಳುಂಟು. ಓದಿದ ಮೇಲೆ ಮಿಷನ್ ಆಸ್ಪತ್ರೆಗಳಲ್ಲಿ ಗೊತ್ತಾದ ಕಾಲ ಸೇವೆಮಾಡುವೆನೆಂದು ಅವರು ಮಾತುಕೊಡಬೇಕು. ಇದರ ವಿಷಯವಾಗಿ ಮಹಾಸಭೆಯ ಕಚೇರಿಯಿಂದ ಬರುವ ಪ್ರಕಟಣೆಯನ್ನು ಉಪದೇಶಿಗಳು ಹೊತ್ತಿಗೆ ಸರಿಯಾಗಿ ಹಳ್ಳಿಗಳಲ್ಲಿ ಓದಿ ಹೇಳಲಿ. ಅದು ಪಟ್ಟಣದ ದೇವಾಲಯದ ಹಲಗೆಯ ಮೇಲೆ ಮಾತ್ರ ಅಂಟಿಕೊಂಡಿದ್ದರೆ ಹಳ್ಳಿಯ ಫೊಯಿಬೆಗೆ ಏನು ಪ್ರಯೋಜನ?

ಎಲ್ಲಾ ದಾರಿಗಳೂ ಸಾಲದೆ ಹೋದರೆ ಬ್ಯಾಂಕಿನ ವಿದ್ಯಾಸಾಲವುಂಟು. ಬ್ಯಾಂಕುಗಳ ಸಂಘದವರ ಮಾದರಿ ಯೋಜನೆಯ ಪ್ರಕಾರ ೪ ಲಕ್ಷ ರೂಪಾಯಿಗಳ ವರೆಗಿನ ಸಾಲಕ್ಕೆ ಒತ್ತೆ ಕೇಳುವದಿಲ್ಲ. ಹೊಲದ ಪತ್ರವನ್ನು ಬಡ್ಡಿಯವನಿಗೆ ಒಪ್ಪಿಸುವದಕ್ಕಿಂತ ಅದು ಮೇಲು. ಆದರೂ ಸಾಲವು ಸಾಲವೇ, ತೀರಿಸತಕ್ಕದ್ದು.

ಓದುವದಕ್ಕೆ ಹೊರಡುವ ಹೆಣ್ಣುಮಕ್ಕಳೇ, ನಿಮಗೂ ಒಂದು ಮಾತು. ಮೋಶೆಯು ಕೂಸಾಗಿದ್ದಾಗ ಅವನ ಅಕ್ಕನು ಹೊಳೆಯ ಜಂಬುಹುಲ್ಲಿನ ಬಳಿಯಲ್ಲಿ ನಿಂತಿದ್ದಳು. ಫರೋಹನ ಕುಮಾರ್ತೆಯು ಕೂಸನ್ನು ಕಂಡು ಕನಿಕರಪಟ್ಟಾಗ ಅವಳು ಓಡಿಹೋಗಲಿಲ್ಲ, ಅಡಗಿಕೊಳ್ಳಲಿಲ್ಲ. ಮುಂದೆ ಬಂದು, ಹಾಲು ಕೊಡುವದಕ್ಕೆ ಒಬ್ಬಳನ್ನು ಕರೆತರಲೋ ಎಂದು ಕೇಳಿದಳು. ಆ ಒಂದು ಪ್ರಶ್ನೆಯಿಂದ ಕೂಸು ತಾಯಿಯ ಮಡಿಲಿಗೆ ತಿರಿಗಿ ಬಂತು; ಅರಮನೆಯಿಂದ ತಾಯಿಗೆ ಸಂಬಳವೂ ಬಂತು. ನಿಮ್ಮ ಹಕ್ಕಾಗಿರುವ ಸಹಾಯವನ್ನು ಕೇಳುವದಕ್ಕೆ ನಾಚಿಕೊಳ್ಳಬೇಡಿರಿ. ಅದು ಭಿಕ್ಷೆಯಲ್ಲ. ಆದರೆ ಪಡೆದದ್ದನ್ನು ಮರೆಯಲೂ ಬೇಡಿರಿ. ಮಿಷನ್ ಆಸ್ಪತ್ರೆಯಲ್ಲಿ ಸೇವೆಮಾಡುವೆನೆಂದು ಬರೆದುಕೊಟ್ಟಿದ್ದರೆ, ದೂರದೇಶದ ದೊಡ್ಡ ಸಂಬಳವು ಕರೆದಾಗಲೂ ಆ ಮಾತನ್ನು ಉಳಿಸಿಕೊಳ್ಳಿರಿ. ಸಹಿಮಾಡುವದಕ್ಕೆ ಮುಂಚೆ ಎಷ್ಟು ವರುಷ, ಎಷ್ಟು ಹಣ ಎಂಬದನ್ನು ಓದಿಸಿ ತಿಳಿದುಕೊಳ್ಳಿರಿ. ಸಹಿಮಾಡಿದ ಮೇಲೆ ನಿಮ್ಮ ಹೌದು ಎಂಬದು ಹೌದೇ ಆಗಿರಲಿ. ಫೊಯಿಬೆ ನೆರವು ಪಡೆಯುವದಕ್ಕೆ ಮುಂಚೆಯೇ ಅನೇಕರಿಗೆ ನೆರವಾಗಿದ್ದಳು. ನೀವು ನೆರವು ಪಡೆದ ಮೇಲಾದರೂ ಹಾಗೆ ಆಗಿರಿ. ನಿಮ್ಮ ಹಿಂದೆ ಬರುವ ಹುಡುಗಿಯ ಅರ್ಜಿಯನ್ನು ನೀವೇ ತುಂಬಿಸಿಕೊಡಿರಿ.

ಸಭಿಕರೇ, ನಿಮ್ಮ ಸಭೆಯಲ್ಲಿ ಈ ವರುಷ ಹತ್ತನೆಯ ತರಗತಿಯಲ್ಲಿಯೂ ಪಿ.ಯು.ಸಿ.ಯಲ್ಲಿಯೂ ಓದುತ್ತಿರುವ ಹೆಣ್ಣುಮಕ್ಕಳು ಎಷ್ಟು ಮಂದಿ ಎಂದು ಬರುವ ಭಾನುವಾರ ಎಣಿಸಿ ನೋಡಿರಿ. ಅವರ ಹೆಸರುಗಳನ್ನು ಬರೆದುಕೊಳ್ಳಿರಿ. ಅವರಲ್ಲಿ ಒಬ್ಬಳ ಮೇಲೆಯಾದರೂ ಕರ್ತನ ಕೈ ಇರಬಹುದು. ರೋಮಾಪುರದವರು ಫೊಯಿಬೆಯನ್ನು ಸೇರಿಸಿಕೊಳ್ಳಬೇಕಾಗಿದ್ದ ಹಾಗೆಯೇ ಅವಳನ್ನು ಕಳುಹಿಸುವವರು ನೀವಾಗಬೇಕು.

ಪ್ರಾರ್ಥನೆ ಮಾಡೋಣ. ಕರುಣಾಳುವಾದ ತಂದೆಯೇ, ರೋಗಿಗಳ ಮೇಲೆ ಕೈಯಿಟ್ಟು ಸ್ವಸ್ಥಮಾಡಿದ ನಿನ್ನ ಕುಮಾರನ ನಿಮಿತ್ತವಾಗಿ ನಿನ್ನನ್ನು ಬೇಡುತ್ತೇವೆ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳನ್ನು ನೆನಪುಮಾಡಿಕೋ. ಕರೆಯಲ್ಪಟ್ಟವರಿಗೆ ಧೈರ್ಯವನ್ನೂ, ತಂದೆತಾಯಿಗಳಿಗೆ ಸತ್ಯವನ್ನು ಬರೆಯುವ ಬಲವನ್ನೂ, ಅಧಿಕಾರಿಗಳಿಗೆ ನ್ಯಾಯದ ಮನಸ್ಸನ್ನೂ, ನಿನ್ನ ಸಭೆಗೆ ತೆರೆದ ಕೈಯನ್ನೂ ಅನುಗ್ರಹಿಸು. ಮುಚ್ಚಿದ ಬಾಗಲುಗಳ ಮುಂದೆ ನಿಂತಿರುವವರ ಸಂಗಡ ನೀನೇ ನಿಂತುಕೋ. ಆಮೆನ್.